ಜೀವಕೋಶದ ಮನೆಯಳಿಯ: ಮೈಟೊಕಾಂಡ್ರಿಯದ ಚರಿತ್ರೆ

ಭೂಮಿಯ ಮೇಲೆ ಜೀವ ಹೇಗೆ ವಿಕಾಸವಾಯಿತು ಎಂಬ ಮಾತು ಬಂದಾಗಲೆಲ್ಲ ನಮ್ಮ ಕೂಟಗಳಲ್ಲಿ ಯಾರಾದರೊಬ್ಬರು ತಪ್ಪದೆ ಕೇಳುತ್ತಾರೆ: "ಅದನ್ನೆಲ್ಲ ಕಂಡವರು ಯಾರು, ಡಾಕ್ಟ್ರೇ?" ನ್ಯಾಯವಾದ ಪ್ರಶ್ನೆ. ಕಂಡವರು ಯಾರೂ ಇಲ್ಲ. ಆದರೆ ಯಾರೂ ಕಾಣದ ಸಂಗತಿಯನ್ನು ಅದು ಬಿಟ್ಟುಹೋದ ಗುರುತುಗಳಿಂದ ತಿಳಿಯುವುದು ವೈದ್ಯರಿಗೆ ದಿನನಿತ್ಯದ ಕೆಲಸ. ಚಿಕ್ಕಂದಿನಲ್ಲಿ ಕ್ಷಯ ಬಂದು ಹೋಗಿದ್ದನ್ನು ರೋಗಿಯೇ ಮರೆತಿರುತ್ತಾನೆ; ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ತುದಿಯ ಕಲೆ ಮರೆತಿರುವುದಿಲ್ಲ. ಜೀವವಿಕಾಸದ ಇಡೀ ಕಥೆಯನ್ನು ಒಂದು ಲೇಖನದಲ್ಲಿ ಹೇಳಲು ಹೊರಟರೆ ಅದು ಇಸವಿಗಳ ಪಟ್ಟಿಯಾದೀತು. ಹಾಗಾಗಿ ಒಂದೇ ಒಂದು ಕಲೆಯನ್ನು ಆರಿಸಿಕೊಂಡಿದ್ದೇನೆ. ಅದು ನನ್ನಲ್ಲೂ ಇದೆ, ಇದನ್ನು ಓದುತ್ತಿರುವ ನಿಮ್ಮಲ್ಲೂ ಇದೆ. ಅದರ ಹೆಸರು ಮೈಟೊಕಾಂಡ್ರಿಯ.

ಮೊದಲು ಸ್ವಲ್ಪ ಕಲ್ಲಿನ ಮಾತು. ಬೆಂಗಳೂರಿನವರು ಲಾಲ್‌ಬಾಗಿನ ಬಂಡೆಯನ್ನು ಹತ್ತಿಯೇ ಇರುತ್ತೀರಿ; ಕೆಂಪೇಗೌಡರ ಗೋಪುರ ನಿಂತಿರುವ ಜಾಗ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬುವರು 1916ರಲ್ಲಿ ಆ ಜಾತಿಯ ಶಿಲೆಗೆ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬೆಂದು ಬೆಂದು ರೂಪ ಬದಲಿಸಿದ ಆ ಕಲ್ಲಿನಲ್ಲಿ ಜೀವದ ಗುರುತು ಹುಡುಕಿ ಫಲವಿಲ್ಲ. ಆದರೆ ಚಿತ್ರದುರ್ಗ ಮತ್ತು ಸಂಡೂರಿನ ಕಡೆಯ ಹಳೆಯ ಸುಣ್ಣಶಿಲೆಗಳಲ್ಲಿ ಪದರ ಪದರವಾಗಿ ಉಬ್ಬಿದ ಸ್ಟ್ರೊಮ್ಯಾಟೊಲೈಟುಗಳಿವೆ. ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳ ಲೋಳೆಚಾಪೆಯ ಮೇಲೆ ಸುಣ್ಣ ಕೂತು ಕೂತು ಕಟ್ಟಿದ ಗುಡ್ಡೆಗಳು ಅವು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಇಂಥವು ಇನ್ನೂ ಹಳೆಯವು, 340 ಕೋಟಿ ವರ್ಷಕ್ಕೂ ಹಿಂದಿನವು. ಬಾಬಾಬುಡನ್, ಕುದುರೆಮುಖ, ಸಂಡೂರಿನ ಕಬ್ಬಿಣದ ಅದಿರೂ ಅಷ್ಟೇ: ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕು ಹಿಡಿದು ತಳಕ್ಕಿಳಿದದ್ದು, ಮತ್ತು ಅದರಲ್ಲಿ ಸೂಕ್ಷ್ಮಜೀವಿಗಳ ಕೈವಾಡ ದೊಡ್ಡದು ಎನ್ನುವುದು ಭೂವಿಜ್ಞಾನಿಗಳ ಅಭಿಪ್ರಾಯ. ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ತಿಂದು ಆಮ್ಲಜನಕವನ್ನು ಕಸದಂತೆ ಹೊರಗೆಸೆಯುವ ನೀಲಿಹಸಿರು ಬ್ಯಾಕ್ಟೀರಿಯಾಗಳು ಸುಮಾರು 240 ಕೋಟಿ ವರ್ಷದ ಹಿಂದೆ ಗಾಳಿಯನ್ನೇ ಬದಲಿಸಿದವು. ಆಗಿನ ಬಹುಪಾಲು ಜೀವಿಗಳಿಗೆ ಆಮ್ಲಜನಕ ವಿಷ. ಆ ವಿಷವನ್ನೇ ಉರುವಲು ಮಾಡಿಕೊಳ್ಳಲು ಕಲಿತ ಕೆಲವು ಬ್ಯಾಕ್ಟೀರಿಯಾಗಳಿದ್ದವು. ನಮ್ಮ ಕಥೆಯ ಮನೆಯಳಿಯ ಅವುಗಳ ವಂಶದವನು.

ಕಲ್ಲು ಇಷ್ಟನ್ನು ಹೇಳುತ್ತದೆ. ಒಂದು ಜೀವಕೋಶ ಇನ್ನೊಂದರ ಒಳಗೆ ಹೊಕ್ಕು ಸಂಸಾರ ಹೂಡಿತೆಂಬುದನ್ನು ಕಲ್ಲು ಹೇಳಲಾರದು. ಅದಕ್ಕೆ ಸಾಕ್ಷಿ ಸಿಕ್ಕಿದ್ದು ಬೇರೆ ಕಡೆ.

ಜರ್ಮನಿಯ ಲೈಪ್ಜಿಗ್‌ನಲ್ಲಿ ರಿಚರ್ಡ್ ಆಲ್ಟ್‌ಮನ್ ಎಂಬ ಅಂಗಾಂಶಶಾಸ್ತ್ರಜ್ಞನಿದ್ದ. ವಿಶೇಷ ಬಣ್ಣ ಹಾಕಿ ನೋಡಿದಾಗ ಪ್ರಾಣಿಗಳ ಜೀವಕೋಶದೊಳಗೆಲ್ಲ ಸಣ್ಣ ಕಣಗಳು ತುಂಬಿರುವುದು ಅವನಿಗೆ ಕಂಡಿತು. ಇವು ಕೋಶದೊಳಗೆ ವಾಸಿಸುವ ಪ್ರಾಥಮಿಕ ಜೀವಿಗಳು, ಬ್ಯಾಕ್ಟೀರಿಯಾಗಳಂಥವು ಎಂದು 1890ರಲ್ಲಿ ಪುಸ್ತಕ ಬರೆದ. ಯಾರೂ ನಂಬಲಿಲ್ಲ. 1898ರಲ್ಲಿ ಕಾರ್ಲ್ ಬೆಂಡಾ ಗ್ರೀಕಿನ ದಾರ ಮತ್ತು ಕಾಳು ಎಂಬ ಎರಡು ಪದಗಳನ್ನು ಕೂಡಿಸಿ ಆ ಕಣಗಳಿಗೆ ಮೈಟೊಕಾಂಡ್ರಿಯ ಎಂಬ ಹೆಸರು ಕೊಟ್ಟ. ಹೆಸರು ಉಳಿಯಿತು, ಆಲ್ಟ್‌ಮನ್ನನ ಊಹೆ ಕಪಾಟು ಸೇರಿತು.

ಆ ಊಹೆ ಪೂರ್ತಿ ಸಾಯಲಿಲ್ಲ. ರಷ್ಯದ ಮೆರೆಷ್ಕೋವ್‌ಸ್ಕಿ 1905ರಲ್ಲಿ ಸಸ್ಯಗಳ ಕ್ಲೋರೋಪ್ಲಾಸ್ಟು ಹಿಂದೊಮ್ಮೆ ಸ್ವತಂತ್ರವಾಗಿದ್ದ ನೀಲಿಹಸಿರು ಜೀವಿ ಎಂದು ವಾದಿಸಿದ. ಫ್ರಾನ್ಸಿನ ಪಾಲ್ ಪೋರ್ತಿಯೆ 1918ರಲ್ಲಿ ಮೈಟೊಕಾಂಡ್ರಿಯಗಳೇ ಬ್ಯಾಕ್ಟೀರಿಯಾಗಳು ಎಂದ. ವೈದ್ಯರಿಗೆ ಈ ಪೋರ್ತಿಯೆ ಬೇರೆ ಕಾರಣಕ್ಕೆ ಪರಿಚಿತ: ಷಾರ್ಲ್ ರಿಷೆಯೊಂದಿಗೆ ಸೇರಿ ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿಯನ್ನು 1902ರಲ್ಲಿ ಕಂಡುಹಿಡಿದವನು. ಅವನ ಪುಸ್ತಕವನ್ನು ಖಂಡಿಸಿ ಮರುವರ್ಷವೇ ಇನ್ನೊಂದು ಪುಸ್ತಕ ಬರೆದವನು ಯಾರು ಗೊತ್ತೆ? ಸಿನಿಮಾ ಯಂತ್ರದ ಲೂಮಿಯೇರ್ ಸೋದರರಲ್ಲಿ ಹಿರಿಯನಾದ ಆಗಸ್ಟ್! ಅಮೆರಿಕದಲ್ಲಿ ಡೆನ್ವರಿನ ವೈದ್ಯಕೀಯ ಕಾಲೇಜಿನ ಶರೀರರಚನಾಶಾಸ್ತ್ರದ ಪ್ರಾಧ್ಯಾಪಕ ಐವನ್ ವಾಲಿನ್, ಮೈಟೊಕಾಂಡ್ರಿಯಗಳನ್ನು ಕೋಶದಿಂದ ಹೊರತೆಗೆದು ಬೆಳೆಸಿದ್ದೇನೆಂದು ಹೇಳಿ 1927ರಲ್ಲಿ ಪುಸ್ತಕ ಪ್ರಕಟಿಸಿದ. ಅವನ ಸೀಸೆಯಲ್ಲಿ ಬೆಳೆದದ್ದು ಹೊರಗಿನಿಂದ ಸೇರಿಕೊಂಡ ಮಾಮೂಲಿ ಬ್ಯಾಕ್ಟೀರಿಯಾ ಎಂದು ಉಳಿದವರು ತೀರ್ಮಾನಿಸಿದರು. ಅಂದಿನ ಹೆಸರಾಂತ ಕೋಶವಿಜ್ಞಾನಿ ಇ.ಬಿ. ವಿಲ್ಸನ್ನನಂತೂ ಇಂಥ ಮಾತುಗಳು ಮರ್ಯಾದಸ್ಥ ವಿಜ್ಞಾನಿಗಳ ಕೂಟದಲ್ಲಿ ಆಡುವಂಥವಲ್ಲ ಎಂಬ ಧಾಟಿಯಲ್ಲಿ ಬರೆದಿದ್ದ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿ ವಿಲ್ಸನ್ನನನ್ನು ಖಳನಾಯಕನನ್ನಾಗಿ ಮಾಡುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಆಲ್ಟ್‌ಮನ್, ವಾಲಿನ್ ಹೇಳಿದ್ದು ಕೊನೆಗೆ ನಿಜವೇ ಆಯಿತು. ಆದರೆ ಅವರ ಬಳಿ ಇದ್ದದ್ದು ಹೋಲಿಕೆ ಮಾತ್ರ, ಪುರಾವೆಯಲ್ಲ. ನೋಡಲು ಬ್ಯಾಕ್ಟೀರಿಯಾದಂತಿದೆ ಎಂಬುದು ಸಾಕ್ಷಿಯಾಗುವುದಾದರೆ ನಮ್ಮ ವೃತ್ತಿಯಲ್ಲಿ ಲ್ಯಾಬೊರೇಟರಿಯೇ ಬೇಕಾಗಿರಲಿಲ್ಲ.

1940ರ ದಶಕದ ಕೊನೆಗೆ ಕೆನಡಿ ಮತ್ತು ಲೆನಿಂಜರ್ ಎಂಬಿಬ್ಬರು ಈ ಕಣಗಳ ಕೆಲಸವೇನೆಂದು ತೋರಿಸಿದರು. ನಾವು ತಿಂದ ಅನ್ನ ಉಸಿರಾಡಿದ ಆಮ್ಲಜನಕದೊಡನೆ ಕೊನೆಗೆ ಉರಿಯುವ ಒಲೆ ಇದೇ. ಅಲ್ಲಿ ತಯಾರಾಗುವ ಎಟಿಪಿ ಎಂಬ ಶಕ್ತಿಯ ನಾಣ್ಯ ದಿನವೊಂದಕ್ಕೆ ಅಂದಾಜು ನಮ್ಮ ತೂಕದಷ್ಟಾಗುತ್ತದೆ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಖರ್ಚಾಗುತ್ತಲೇ ಇರುವುದರಿಂದ ನಾವು ಊದಿಕೊಳ್ಳುವುದಿಲ್ಲ. ಒಂದು ಗಳಿಗೆಯೂ ವಿಶ್ರಾಂತಿಯಿಲ್ಲದ ಹೃದಯದ ಸ್ನಾಯುಕೋಶಗಳ ಗಾತ್ರದಲ್ಲಿ ಸುಮಾರು ಮೂರನೇ ಒಂದು ಭಾಗ ಮೈಟೊಕಾಂಡ್ರಿಯವೇ. ಆಮೇಲೆ 1963ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾರ್ಗಿಟ್ ಮತ್ತು ಸಿಲ್ವನ್ ನಾಸ್ ದಂಪತಿ ಕೋಳಿಯ ಭ್ರೂಣದ ಮೈಟೊಕಾಂಡ್ರಿಯದೊಳಗೆ ಎಳೆಗಳನ್ನು ಕಂಡರು. ಡಿಎನ್‌ಎಯನ್ನು ಮಾತ್ರ ಕರಗಿಸುವ ಕಿಣ್ವ ಹಾಕಿದಾಗ ಆ ಎಳೆಗಳು ಮಾಯವಾದವು. ಕೋಶಕೇಂದ್ರದಲ್ಲಿ ಇರಬೇಕಾದ ಡಿಎನ್‌ಎ ಅಡುಗೆಮನೆಯ ಒಲೆಯೊಳಗೂ ಇದೆ ಎಂದಾಯಿತು. ಏಕೆ?

ಈ ಪ್ರಶ್ನೆಯನ್ನು ಹಿಡಿದವರು ಲಿನ್ ಮಾರ್ಗುಲಿಸ್. ಆಗಿನ ಹೆಸರು ಲಿನ್ ಸೇಗನ್, ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಅವರ ಮೊದಲ ಪತ್ನಿ. ಚಿಕ್ಕ ಮಕ್ಕಳನ್ನು ಸಾಕುತ್ತಲೇ ಬರೆದ ಆಕೆಯ ಲೇಖನವನ್ನು ಹದಿನೈದರಷ್ಟು ಪತ್ರಿಕೆಗಳು ಹಿಂದಿರುಗಿಸಿದವಂತೆ. 1967ರಲ್ಲಿ ಅದು ಅಚ್ಚಾದಾಗ ಆಕೆಗೆ 29 ವರ್ಷ. ಹಳಬರ ಊಹೆಗಳನ್ನೆಲ್ಲ ಕೂಡಿಸಿ, ಡಿಎನ್‌ಎಯ ಹೊಸ ಪುರಾವೆಯನ್ನು ಅದಕ್ಕೆ ಜೋಡಿಸಿ, ಮೈಟೊಕಾಂಡ್ರಿಯ ಮತ್ತು ಕ್ಲೋರೋಪ್ಲಾಸ್ಟುಗಳು ನುಂಗಲ್ಪಟ್ಟೂ ಜೀರ್ಣವಾಗದೆ ಉಳಿದ ಬ್ಯಾಕ್ಟೀರಿಯಾಗಳು ಎಂದು ಆಕೆ ವಾದಿಸಿದರು. ಬಾಲವಿರುವ ಕೋಶಗಳ ಬಾಲವೂ ಬ್ಯಾಕ್ಟೀರಿಯಾದಿಂದಲೇ ಬಂದದ್ದು ಎಂಬ ಇನ್ನೊಂದು ವಾದವನ್ನೂ ಮುಂದಿಟ್ಟರು. ಅದಕ್ಕೆ ಇವತ್ತಿನವರೆಗೂ ಆಧಾರ ಸಿಕ್ಕಿಲ್ಲ. ಮುಂದೆ ಎಚ್‌ಐವಿಯ ಬಗ್ಗೆ ಆಕೆ ಎತ್ತಿದ ಸಂಶಯಗಳನ್ನು ವೈದ್ಯನಾಗಿ ನಾನು ಒಪ್ಪಲಾರೆ. ಒಬ್ಬರು ಒಂದು ಕಡೆ ಸರಿಯಾದ ಮಾತ್ರಕ್ಕೆ ಎಲ್ಲ ಕಡೆ ಸರಿಯಾಗುವುದಿಲ್ಲ. ವಿಜ್ಞಾನದಲ್ಲಿ ಹೇಳಿದವರನ್ನು ಬಿಟ್ಟು ಹೇಳಿದ್ದನ್ನು ಪರೀಕ್ಷಿಸಬೇಕಾಗುತ್ತದೆ.

ಪರೀಕ್ಷಿಸಲು ಎದುರು ವಾದವೂ ಗಟ್ಟಿಯಾಗಿತ್ತು. ಮೈಟೊಕಾಂಡ್ರಿಯ ಹೊರಗಿನಿಂದ ಬಂದದ್ದಲ್ಲ, ಕೋಶವೇ ತನ್ನ ಡಿಎನ್‌ಎಯ ತುಂಡೊಂದನ್ನು ಬೇರೆ ಕೋಣೆಯಲ್ಲಿಟ್ಟುಕೊಂಡಿತು, ಅಷ್ಟೇ ಎಂದು ಕೆಲವರು ಹೇಳಿದರು. ಎರಡೂ ವಾದ ಒಟ್ಟಿಗೆ ನಿಜವಾಗಲಾರವು. ಮೈಟೊಕಾಂಡ್ರಿಯದ ಆನುವಂಶಿಕ ಅಕ್ಷರಗಳು ತಮ್ಮದೇ ಕೋಶಕೇಂದ್ರದ ಅಕ್ಷರಗಳನ್ನು ಹೋಲಬೇಕು, ಇಲ್ಲವೇ ಯಾವುದೋ ಬ್ಯಾಕ್ಟೀರಿಯಾದ್ದನ್ನು. ಮಗು ಯಾರದ್ದೆಂಬ ತಕರಾರಿನಲ್ಲಿ ಕೋರ್ಟು ಕೇಳುವ ಪರೀಕ್ಷೆಯೇ ಇದು.

ಆ ಪರೀಕ್ಷೆಗೆ ಉಪಾಯ ಹುಡುಕಿದವರು ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್. ಎಲ್ಲ ಜೀವಿಗಳಲ್ಲೂ ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಪುಟ್ಟ ಕಾರ್ಖಾನೆ ಇದೆ. ಅದರೊಳಗಿನ ಆರ್‌ಎನ್‌ಎ ಬಲು ನಿಧಾನವಾಗಿ ಬದಲಾಗುತ್ತದೆ. ಅದನ್ನು ಚೂರು ಚೂರು ಮಾಡಿ, ಚೂರುಗಳ ಅಕ್ಷರ ಓದಿ ಹೋಲಿಸಿದರೆ ಜೀವಿಗಳ ನಂಟು ತಿಳಿಯುತ್ತದೆ. ವಿಕಿರಣದ ಗುರುತು ಹಚ್ಚಿದ ಚೂರುಗಳು ಫಿಲ್ಮಿನ ಮೇಲೆ ಮೂಡಿಸಿದ ಚುಕ್ಕೆಗಳನ್ನು ದೀಪದ ಮುಂದೆ ಹಿಡಿದು ವೋಸ್ ವರ್ಷಗಟ್ಟಲೆ ಕೂತರು. ಇದೇ ವಿಧಾನವನ್ನು ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಲಿಂಡಾ ಬೋನೆನ್, ಫೋರ್ಡ್ ಡೂಲಿಟಲ್, ಮೈಕೆಲ್ ಗ್ರೇ ಮತ್ತು ಸಂಗಡಿಗರು ಬಳಸಿದರು. 1975ರಲ್ಲಿ ಕ್ಲೋರೋಪ್ಲಾಸ್ಟಿನ ತೀರ್ಪು ಬಂತು: ಬ್ಯಾಕ್ಟೀರಿಯಾದ ವಂಶ. ಮೈಟೊಕಾಂಡ್ರಿಯಕ್ಕೆ ಅವರು ಆರಿಸಿಕೊಂಡದ್ದು ಗೋಧಿ. ಅದು ಅದೃಷ್ಟದ ಆಯ್ಕೆ, ಏಕೆಂದರೆ ಪ್ರಾಣಿಗಳ ಮೈಟೊಕಾಂಡ್ರಿಯದ ಅಕ್ಷರಗಳು ವೇಗವಾಗಿ ಬದಲಾಗಿ ಹಳೆಯ ಮುಖಚಹರೆ ಅಳಿಸಿಹೋಗಿದೆ. ಗೋಧಿಯಲ್ಲಿ ಅದು ಉಳಿದಿದೆ. 1977ರಲ್ಲಿ ಗೋಧಿ ಸಾಕ್ಷಿ ಹೇಳಿತು. ಮೈಟೊಕಾಂಡ್ರಿಯದ ಅಕ್ಷರಗಳು ಗೋಧಿಯ ಕೋಶಕೇಂದ್ರದ್ದನ್ನು ಹೋಲಲಿಲ್ಲ, ಬ್ಯಾಕ್ಟೀರಿಯಾದ್ದನ್ನು ಹೋಲಿದವು. 1985ರ ಹೊತ್ತಿಗೆ ಯಾವ ಪಂಗಡದ ಬ್ಯಾಕ್ಟೀರಿಯಾ ಎಂಬುದೂ ತಿಳಿಯಿತು: ಆಲ್ಫಾ ಪ್ರೋಟಿಯೋಬ್ಯಾಕ್ಟೀರಿಯಾ.

ಈ ಪಂಗಡದ ಒಬ್ಬ ಸದಸ್ಯನನ್ನು ವೈದ್ಯರು ಚೆನ್ನಾಗಿ ಬಲ್ಲರು. ಹೇನುಗಳ ಮೂಲಕ ಹರಡಿ, ಯುದ್ಧ ಬರಗಾಲಗಳ ಬೆನ್ನಿಗೆ ಲಕ್ಷಗಟ್ಟಲೆ ಜನರನ್ನು ಕೊಂದ ಟೈಫಸ್ ಜ್ವರದ ರಿಕೆಟ್ಸಿಯ. ಸ್ವೀಡನ್ನಿನ ಉಪ್ಸಲಾದಲ್ಲಿ ಸಿವ್ ಆಂಡರ್ಸನ್ ತಂಡ 1998ರಲ್ಲಿ ಅದರ 11 ಲಕ್ಷ ಅಕ್ಷರಗಳ ಜೀನೋಮನ್ನು ಪೂರ್ತಿ ಓದಿದಾಗ ಮೈಟೊಕಾಂಡ್ರಿಯದೊಡನೆ ಅದರ ನಂಟು ಎದ್ದು ಕಂಡಿತು. ನಮ್ಮ ಮೈಟೊಕಾಂಡ್ರಿಯ ರಿಕೆಟ್ಸಿಯದಿಂದ ಹುಟ್ಟಿತೆಂದಲ್ಲ, ಅವು ದಾಯಾದಿಗಳು. ದಾಯಾದಿತನ ಎಷ್ಟು ಹತ್ತಿರದ್ದು ಎಂಬ ಚರ್ಚೆ ಇನ್ನೂ ನಡೆದಿದೆ. ಎರಡೂ ಕೋಶದೊಳಗೆ ವಾಸಿಸುತ್ತವೆ. ಒಂದು ಎಟಿಪಿಯನ್ನು ದುಡಿದು ಮನೆಗೆ ಕೊಡುತ್ತದೆ, ಇನ್ನೊಂದು ಮನೆಯ ಎಟಿಪಿಯನ್ನೇ ಕದಿಯುತ್ತದೆ.

ಇಷ್ಟು ಪ್ರಯೋಗಾಲಯದ ಮಾತಾಯಿತು. ನನಗೆ ಈ ಸಿದ್ಧಾಂತ ಮನದಟ್ಟಾದದ್ದು ವಾರ್ಡಿನಲ್ಲಿ. ನಾವು ಎಂಬಿಬಿಎಸ್ ಓದುವ ಕಾಲಕ್ಕೆ ಟೈಫಾಯ್ಡಿಗೆ ಕ್ಲೋರಾಂಫೆನಿಕಾಲ್ ಕೊಡುವುದು ವಾಡಿಕೆ. ಕೊಟ್ಟಷ್ಟು ದಿನ ರಕ್ತಕಣಗಳ ಎಣಿಕೆ ನೋಡುತ್ತಿರಬೇಕು ಎಂದು ಮೇಷ್ಟ್ರು ತಾಕೀತು ಮಾಡುತ್ತಿದ್ದರು. ಅಸ್ಥಿಮಜ್ಜೆಯ ಕೆಲಸ ಕುಂದುತ್ತದೆ, ಔಷಧಿ ನಿಲ್ಲಿಸಿದರೆ ಸರಿಹೋಗುತ್ತದೆ. ತೀರ ಅಪರೂಪಕ್ಕೆ ಬರುವ ಮಾರಕ ರಕ್ತಹೀನತೆ ಬೇರೆ, ಇದು ಬೇರೆ. ಏಕೆ ಹೀಗೆ ಎಂದು ಆಗ ನಾವು ಕೇಳಲಿಲ್ಲ, ಪರೀಕ್ಷೆಗೆ ಉರು ಹೊಡೆದೆವು. ಉತ್ತರ ಸರಳ. ಕ್ಲೋರಾಂಫೆನಿಕಾಲ್ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಅದರ ಪ್ರೋಟೀನು ತಯಾರಿಕೆಯನ್ನು ನಿಲ್ಲಿಸುತ್ತದೆ. ನಮ್ಮ ಕೋಶದ ಸಾಮಾನ್ಯ ರೈಬೋಸೋಮಿನ ತಂಟೆಗೆ ಅದು ಹೋಗುವುದಿಲ್ಲ. ಆದರೆ ನಮ್ಮ ಮೈಟೊಕಾಂಡ್ರಿಯದೊಳಗಿರುವುದು ಬ್ಯಾಕ್ಟೀರಿಯಾ ಮಾದರಿಯ ರೈಬೋಸೋಮು. ಬ್ಯಾಕ್ಟೀರಿಯಾಕ್ಕೆ ಇಟ್ಟ ಗುರಿ ಮನೆಯಳಿಯನಿಗೂ ತಾಗುತ್ತದೆ! ಇತ್ತೀಚೆಗೆ ಔಷಧಿಗೆ ಬಗ್ಗದ ಕ್ಷಯಕ್ಕೆ ತಿಂಗಳುಗಟ್ಟಲೆ ಕೊಡುವ ಲೈನಜೋಲಿಡ್ಡಿನ ಕಥೆಯೂ ಹೀಗೆಯೇ. ಕೆಲವರಿಗೆ ಕಣ್ಣಿನ ನರ ಸೊರಗುತ್ತದೆ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಒಲೆ ಆರಿದ ಮನೆಯ ಲಕ್ಷಣಗಳು.

ಇನ್ನೊಂದು ಸಾಕ್ಷಿ ನನ್ನನ್ನು ಇನ್ನೂ ಬೆರಗುಗೊಳಿಸಿತು. ರಸ್ತೆ ಅಪಘಾತದಲ್ಲಿ ಮೈಯೆಲ್ಲ ಜಜ್ಜಿಹೋದವರಿಗೆ ಎಲ್ಲೂ ಸೋಂಕಿಲ್ಲದಿದ್ದರೂ ನಂಜೇರಿದವರಂತೆ ಜ್ವರ ಬರುವುದು, ರಕ್ತದೊತ್ತಡ ಕುಸಿಯುವುದು, ಶ್ವಾಸಕೋಶ ಕೆಡುವುದು ಉಂಟು. ರಕ್ತ ಕಲ್ಚರ್ ಮಾಡಿದರೆ ಏನೂ ಬೆಳೆಯುವುದಿಲ್ಲ. ಬಾಸ್ಟನ್ನಿನ ಶಸ್ತ್ರವೈದ್ಯರ ತಂಡವೊಂದು 2010ರಲ್ಲಿ ಇದರ ಒಂದು ಮುಖ್ಯ ಕಾರಣವನ್ನು ತೋರಿಸಿತು. ಒಡೆದ ಕೋಶಗಳಿಂದ ಮೈಟೊಕಾಂಡ್ರಿಯದ ಡಿಎನ್‌ಎ ಮತ್ತು ಪ್ರೋಟೀನ್ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಬ್ಯಾಕ್ಟೀರಿಯಾಗಳು ಪ್ರೋಟೀನು ಕಟ್ಟುವಾಗ ಮೊದಲ ಇಟ್ಟಿಗೆಗೆ ಫಾರ್ಮೈಲ್ ಎಂಬ ಗುರುತು ಹಾಕುತ್ತವೆ. ಮೈಟೊಕಾಂಡ್ರಿಯವೂ ಹಾಗೆಯೇ ಮಾಡುತ್ತದೆ, ನಮ್ಮ ಕೋಶದ ಉಳಿದ ಭಾಗ ಮಾಡುವುದಿಲ್ಲ. ನಮ್ಮ ಬಿಳಿರಕ್ತಕಣಗಳು ಆ ಗುರುತು ನೋಡಿ ಶತ್ರು ಬಂದನೆಂದು ಮೈಮೇಲೆ ಬೀಳುತ್ತವೆ. ಅಷ್ಟು ಕೋಟಿ ವರ್ಷ ಒಟ್ಟಿಗೆ ಬಾಳಿದರೂ ಬಾಗಿಲ ಕಾವಲುಗಾರ ಅಳಿಯನ ಹುಟ್ಟೂರನ್ನು ಮರೆತಿಲ್ಲ.

ಅಳಿಯ ಮಾತ್ರ ಹುಟ್ಟೂರಿಗೆ ಹಿಂದಿರುಗುವಂತಿಲ್ಲ. ಫ್ರೆಡರಿಕ್ ಸ್ಯಾಂಗರ್ ಅವರ ಕೇಂಬ್ರಿಜ್ ಪ್ರಯೋಗಾಲಯ 1981ರಲ್ಲಿ ಮಾನವನ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಪೂರ್ತಿ ಓದಿತು. ಬ್ಯಾಕ್ಟೀರಿಯಾದ್ದರಂತೆ ಅದು ಒಂದು ಉಂಗುರ. ಅದರಲ್ಲಿ 16,569 ಅಕ್ಷರಜೋಡಿಗಳು, ಬರೀ 37 ಜೀನುಗಳು. ಮೈಟೊಕಾಂಡ್ರಿಯ ನಡೆಯಲು ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನು ಬೇಕು; ಸ್ವಂತಕ್ಕೆ ಮಾಡಿಕೊಳ್ಳುವುದು 13 ಮಾತ್ರ. ಉಳಿದ ಜೀನುಗಳಲ್ಲಿ ಕೆಲವು ಕಳೆದುಹೋದವು, ಕೆಲವು ಒಂದೊಂದಾಗಿ ಕೋಶಕೇಂದ್ರಕ್ಕೆ ವರ್ಗವಾದವು. ಆಸ್ತಿಪತ್ರಗಳೆಲ್ಲ ಮಾವನ ಬೀರುವಿನಲ್ಲಿದ್ದ ಮೇಲೆ ಅಳಿಯ ಹೋಗುವುದೆಲ್ಲಿಗೆ?

ಇಂಥ ಸಂಬಂಧ ಕಣ್ಣೆದುರು ಹುಟ್ಟಬಲ್ಲದೆ? ಒಂದು ಸಲ ಹುಟ್ಟಿದೆ. ಕ್ವಾಂಗ್ ಜಿಯಾನ್ ಎಂಬ ಕೊರಿಯ ಮೂಲದ ಜೀವವಿಜ್ಞಾನಿ ಅಮೆರಿಕದಲ್ಲಿ ಅಮೀಬಾಗಳನ್ನು ಸಾಕುತ್ತಿದ್ದರು. 1966ರಲ್ಲಿ ಅವಕ್ಕೆ ಬ್ಯಾಕ್ಟೀರಿಯಾ ತಗುಲಿ ಬಹಳಷ್ಟು ಸತ್ತವು. ಬದುಕಿದವುಗಳ ಒಳಗೆ ಸಾವಿರಾರು ಬ್ಯಾಕ್ಟೀರಿಯಾ ಉಳಿದುಕೊಂಡವು. ಜಿಯಾನ್ ಅವನ್ನು ಬಿಸಾಡದೆ ಸಾಕಿದರು. ಕೆಲವು ವರ್ಷಗಳಲ್ಲಿ ಪರಿಸ್ಥಿತಿ ತಿರುವುಮುರುವಾಯಿತು: ಬ್ಯಾಕ್ಟೀರಿಯಾವನ್ನು ಕೊಂದರೆ ಅಮೀಬಾವೂ ಸಾಯತೊಡಗಿತು. ರೋಗವಾಗಿ ಬಂದದ್ದು ಅಂಗವಾಗುವ ದಾರಿ ಹಿಡಿದಿತ್ತು.

ಹಾಗಾದರೆ ಅಳಿಯನನ್ನು ಸೇರಿಸಿಕೊಂಡ ಮನೆ ಯಾರದು? ಇದಕ್ಕೆ ಉತ್ತರ ತೀರ ಇತ್ತೀಚಿನದು. ಆರ್ಕ್ಟಿಕ್ ಸಾಗರದ ತಳದಲ್ಲಿ ಲೋಕಿಯ ಕೋಟೆ ಎಂದು ಕರೆಯುವ ಬಿಸಿನೀರ ಬುಗ್ಗೆಯ ಹತ್ತಿರದ ಕೆಸರಿನಲ್ಲಿ ಸಿಕ್ಕ ಡಿಎನ್‌ಎಯಿಂದ, ಉಪ್ಸಲಾದ ವಿಜ್ಞಾನಿಗಳು 2015ರಲ್ಲಿ ಲೋಕಿ ಆರ್ಕಿಯಾ ಎಂಬ ಹೊಸ ಬಗೆಯ ಸೂಕ್ಷ್ಮಜೀವಿಯನ್ನು ಗುರುತಿಸಿದರು. ನಮ್ಮಂಥ ಕೋಶಗಳಲ್ಲಿ ಮಾತ್ರ ಇವೆ ಎಂದುಕೊಂಡಿದ್ದ ಹಲವು ಜೀನುಗಳು ಅದರಲ್ಲಿದ್ದವು. ಜಪಾನಿನ ಇಮಾಚಿ ಮತ್ತು ಸಂಗಡಿಗರು ಇದರ ಬಂಧುವೊಂದನ್ನು ಹನ್ನೆರಡು ವರ್ಷ ಸಾಕಿ 2020ರಲ್ಲಿ ಜಗತ್ತಿಗೆ ತೋರಿಸಿದರು. ಒಂದು ಎರಡಾಗಲು ಅದಕ್ಕೆ ಎರಡು ಮೂರು ವಾರ ಬೇಕು. ನಮ್ಮ ಹೊಟ್ಟೆಯ ಇ. ಕೋಲಿಗೆ ಇಪ್ಪತ್ತು ನಿಮಿಷ ಸಾಕು. ಅದು ಒಂಟಿಯಾಗಿ ಬದುಕುವುದಿಲ್ಲ, ಪಕ್ಕದಲ್ಲಿ ಬೇರೆ ಜಾತಿಯ ಸೂಕ್ಷ್ಮಜೀವಿ ಬೇಕೇ ಬೇಕು. ಮೈಯಿಂದ ಉದ್ದುದ್ದ ತೋಳುಗಳನ್ನು ಚಾಚುತ್ತದೆ. ನುಂಗಿದ್ದಕ್ಕಿಂತ ಅಪ್ಪಿಕೊಂಡದ್ದೇ ನಿಜವಿರಬಹುದು ಎಂದು ಅವರ ಊಹೆ. ಮದುವೆಯ ದಿನಾಂಕವನ್ನು ಪಳೆಯುಳಿಕೆಗಳಿಂದ ಸ್ಥೂಲವಾಗಿ ಹೇಳಬಹುದು. ಭಾರತದ ಚಿತ್ರಕೂಟದಲ್ಲಿ ಸಿಕ್ಕ, 160 ಕೋಟಿ ವರ್ಷ ಹಳೆಯ, ಕೆಂಪು ಪಾಚಿಯಂತೆ ಕಾಣುವ ಪಳೆಯುಳಿಕೆಯ ವಿವರ 2017ರಲ್ಲಿ ಪ್ರಕಟವಾಯಿತು. ಅದು ನಿಜಕ್ಕೂ ಪಾಚಿಯಾದರೆ ಅಷ್ಟು ಹೊತ್ತಿಗಾಗಲೇ ಮೈಟೊಕಾಂಡ್ರಿಯವಷ್ಟೇ ಅಲ್ಲ, ಕ್ಲೋರೋಪ್ಲಾಸ್ಟೂ ಮನೆ ಸೇರಿತ್ತು.

ಕೊನೆಗೆ ನಮ್ಮ ಮನೆಗಳ ಮಾತು. ಮನೆಯಳಿಯನೆಂದು ನಾನು ಕರೆದರೂ ಮೈಟೊಕಾಂಡ್ರಿಯ ತಲೆಮಾರಿನಿಂದ ತಲೆಮಾರಿಗೆ ಸಾಗುವುದು ತಾಯಿಯಿಂದ ಮಾತ್ರ. ತಂದೆಯ ವೀರ್ಯಾಣುವಿನೊಂದಿಗೆ ಬಂದ ಮೈಟೊಕಾಂಡ್ರಿಯಗಳನ್ನು ಅಂಡವು ನಾಶಮಾಡುತ್ತದೆ. ನಮ್ಮಲ್ಲಿ ಗೋತ್ರ ತಂದೆಯಿಂದ ಬರುತ್ತದೆ. ಕರಾವಳಿಯ ಅಳಿಯಸಂತಾನದವರಲ್ಲಿ 'ಬಳಿ' ತಾಯಿಯಿಂದ ಬರುತ್ತದೆ. ಈ ವಿಷಯದಲ್ಲಿ ನಿಸರ್ಗ ಕರಾವಳಿಯವರ ಪಕ್ಷ! ಈ ಬಳಿಯನ್ನು ಹಿಂದಕ್ಕೆ ಹಿಡಿದು ಹೋದ ಬರ್ಕ್‌ಲಿಯ ಮೂವರು ವಿಜ್ಞಾನಿಗಳು 1987ರಲ್ಲಿ 147 ಜನರ ಮೈಟೊಕಾಂಡ್ರಿಯಗಳನ್ನು ಹೋಲಿಸಿ, ಈಗಿನ ಎಲ್ಲ ಮನುಷ್ಯರ ತಾಯಿಬಳ್ಳಿ ಸುಮಾರು ಎರಡು ಲಕ್ಷ ವರ್ಷದ ಹಿಂದೆ ಆಫ್ರಿಕದಲ್ಲಿದ್ದ ಒಬ್ಬ ಹೆಂಗಸಿನಲ್ಲಿ ಕೂಡುತ್ತದೆ ಎಂದರು. ಆಗ ಆಕೆಯೊಬ್ಬಳೇ ಇದ್ದಳೆಂದಲ್ಲ. ಉಳಿದವರ ತಾಯಿಬಳ್ಳಿ ಎಲ್ಲೋ ಒಂದು ಕಡೆ ಹೆಣ್ಣುಮಕ್ಕಳಿಲ್ಲದೆ ನಿಂತುಹೋಯಿತು. ಆಕೆಯ ಸಂತತಿಯ 'ಎಂ' ಎಂಬ ಕವಲು ಭಾರತದಲ್ಲಿ ಅತಿ ಸಾಮಾನ್ಯ. ಉಗುಳು ಕಳಿಸಿ ವಂಶಾವಳಿ ತರಿಸಿಕೊಂಡಿರುವ ನಮ್ಮ ಸಂಘದ ಎಳೆಯರು ತಮ್ಮ ವರದಿಯಲ್ಲಿ ಈ ಅಕ್ಷರವನ್ನು ಹುಡುಕಬಹುದು.

ತಾಯಿಬಳ್ಳಿಯಲ್ಲಿ ದೋಷಗಳೂ ಹರಿದುಬರುತ್ತವೆ. ಬ್ರಿಟನ್ನಿನಲ್ಲಿ 2015ರಲ್ಲಿ ಕಾನೂನು ಮಾಡಿ, ತಾಯಿಯ ಕೆಟ್ಟ ಮೈಟೊಕಾಂಡ್ರಿಯದ ಬದಲು ಇನ್ನೊಬ್ಬ ಮಹಿಳೆಯ ಅಂಡದ ಮೈಟೊಕಾಂಡ್ರಿಯ ಬಳಸಲು ಅವಕಾಶ ಕೊಟ್ಟರು. ನ್ಯೂಕ್ಯಾಸಲ್‌ನಲ್ಲಿ ಹೀಗೆ ಎಂಟು ಮಕ್ಕಳು ಹುಟ್ಟಿದ ವರದಿ 2025ರಲ್ಲಿ ಬಂತು. ಅಮೆರಿಕದಲ್ಲಿ ಇದಕ್ಕೆ ಅನುಮತಿ ಇಲ್ಲ.

ಹೆಚ್ಚು ಕುಟುಂಬಗಳಿಗೆ ಸಂಬಂಧಿಸಿದ್ದು ಇನ್ನೊಂದಿದೆ. ಸ್ಟ್ರೆಪ್ಟೊಮೈಸಿನ್, ಜೆಂಟಮೈಸಿನ್ ಗುಂಪಿನ ಇಂಜೆಕ್ಷನ್ನುಗಳು ಹೆಚ್ಚಾದರೆ ಯಾರಿಗೇ ಆದರೂ ಕಿವಿ ಕೆಡಬಹುದು. ಆದರೆ ಕೆಲವು ಮನೆತನಗಳಲ್ಲಿ ಕೆಲವೇ ಡೋಸಿಗೆ ಪೂರ್ತಿ ಕಿವುಡಾದವರಿದ್ದರು, ಅದೂ ತಾಯಿಯ ಕಡೆಯ ಬಂಧುಗಳಲ್ಲಿ. 1993ರಲ್ಲಿ ಕಾರಣ ತಿಳಿಯಿತು. ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ 1555ನೆಯ ಅಕ್ಷರ ಬದಲಾಗಿರುತ್ತದೆ. ಆ ಒಂದು ಅಕ್ಷರದಿಂದ ಅದರ ರೈಬೋಸೋಮು ಬ್ಯಾಕ್ಟೀರಿಯಾದ್ದನ್ನು ಇನ್ನಷ್ಟು ಹೋಲುತ್ತದೆ, ಔಷಧಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಯೂರೋಪಿನಲ್ಲಿ ಸುಮಾರು 500ರಲ್ಲಿ ಒಬ್ಬರಿಗೆ ಈ ಬದಲಾವಣೆ ಇದೆ. ಭಾರತದ ಕುಟುಂಬಗಳಲ್ಲೂ ಕಂಡುಬಂದಿದೆ. ಮ್ಯಾಂಚೆಸ್ಟರಿನ ವೈದ್ಯರು ಹಸುಗೂಸಿನ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿಯಿಂದ 26 ನಿಮಿಷದಲ್ಲಿ ಇದನ್ನು ಹೇಳುವ ಯಂತ್ರವನ್ನು ಬಳಕೆಗೆ ತಂದು, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಮ್ಮ ಅಮ್ಮ, ಅಜ್ಜಿ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಅವರ ಮಕ್ಕಳು, ಇವರಲ್ಲಿ ಯಾರಿಗಾದರೂ ಇಂಜೆಕ್ಷನ್ ಆದಮೇಲೆ ಕಿವಿ ಹೋದದ್ದಿದ್ದರೆ ಅದನ್ನು ನಿಮ್ಮ ವೈದ್ಯರಿಗೆ ತಿಳಿಸಿ ಕಡತದಲ್ಲಿ ಬರೆಸಿ, ಊರಿನಲ್ಲಿರುವ ತಾಯಿಯ ಕಡೆಯವರಿಗೂ ಹೇಳಿ. ಸೋದರಮಾವನ ಮಕ್ಕಳಿಗೆ ಈ ಭಯವಿಲ್ಲ. ಅವರ ಮೈಟೊಕಾಂಡ್ರಿಯ ಅವರಮ್ಮನದು.